ಉತ್ತರ ಬರೋಕೆ ಹದಿನೈದು ತಿಂಗಳು: ಮೂರನೇ ಇಂಪೀರಿಯಂನಲ್ಲಿ ಡ್ಯೂಕ್ ಯಾಕೆ, ಅವನ ಕೆಲಸ ಏನು?

ಹೊಸ_ರೆಫರಿ
ಟ್ರಾವೆಲರ್ ಅನ್ನೋ ಬಾಹ್ಯಾಕಾಶದ ಪಾತ್ರಾಭಿನಯದ ಆಟವನ್ನು (ಆಟಗಾರರು ಒಂದೊಂದು ಪಾತ್ರ ವಹಿಸ್ತಾರೆ, ಕಥೆ ನಡೆಸೋದು ರೆಫರಿ) ಕನ್ನಡದಲ್ಲಿ ನಡೆಸೋಕೆ ತಯಾರಿ ನಡೀತಿದೆ. ಕಥೆ ನಡೆಯೋದು ಮೂರನೇ ಇಂಪೀರಿಯಂ ಅನ್ನೋ ನಕ್ಷತ್ರ ಸಾಮ್ರಾಜ್ಯದಲ್ಲಿ. ಕಾಲ ಆ ಸಾಮ್ರಾಜ್ಯದ 1105ನೇ ವರ್ಷ, ಜಾಗ ಗಡಿಯಲ್ಲಿರೋ ಸ್ಪಿನ್‌ವರ್ಡ್ ಮಾರ್ಚಸ್ ಸೆಕ್ಟರ್‌ನ (ನಕ್ಷೆಯ ಒಂದು ದೊಡ್ಡ ವಿಭಾಗ) ರೆಜೀನಾ ಸಬ್‌ಸೆಕ್ಟರ್ (ಅದರ ಒಂದು ಭಾಗ). ಹಡಗು, ವ್ಯಾಪಾರ, ಯುದ್ಧದ ನಿಯಮಗಳೆಲ್ಲ ಕೈಗೆ ಬಂದಿವೆ. ಬಗೆಹರಿಯದೆ ಉಳಿದಿರೋದು ಶ್ರೀಮಂತ ಮನೆತನಗಳ ವಿಷಯ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರೋ ಜನ ಡ್ಯೂಕು, ಕೌಂಟು, ಬ್ಯಾರನ್ನು ಅಂತ ಯಾಕೆ ಇಟ್ಕೊಂಡಿದ್ದಾರೆ? ಸುಮ್ಮನೆ ಅಲಂಕಾರಕ್ಕೋ, ಅಥವಾ ನಿಜವಾಗಿ ಆಡಳಿತ ಮಾಡ್ತಾರೋ? ಮಾಡ್ತಾರೆ ಅಂದ್ರೆ ಬೆಳಗ್ಗೆಯಿಂದ ಸಂಜೆವರೆಗೆ ಡ್ಯೂಕ್ ಮುಂದೆ ಬರೋ ಕಡತ ಯಾವುದು? ಗ್ರಹಕ್ಕೆ ಅದರದ್ದೇ ಸರ್ಕಾರ ಇರುವಾಗ ಇವನ ಮಾತು ಎಲ್ಲಿವರೆಗೆ ನಡೆಯುತ್ತೆ? ಕೆಟ್ಟ ಡ್ಯೂಕ್ ಬಂದ್ರೆ ಇಳಿಸೋದು ಹೇಗೆ?

ಜಂಪ್4
ಇದಕ್ಕೆಲ್ಲ ಉತ್ತರ ಒಂದು ಲೆಕ್ಕದಲ್ಲಿದೆ. ಅದನ್ನು ಮೊದಲು ಮಾಡಿಕೊಳ್ಳಿ.

ಈ ವಿಶ್ವದಲ್ಲಿ ಬೆಳಕಿಗಿಂತ ವೇಗವಾಗಿ ಹೋಗುವ ರೇಡಿಯೋ ಇಲ್ಲ. ಸುದ್ದಿ ಹೋಗಬೇಕೆಂದರೆ ಹಡಗೇ ಹೋಗಬೇಕು. ಜಂಪ್ ಅಂದರೆ ಹಡಗು ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಯುವುದು. ಒಂದು ಜಂಪ್‌ಗೆ ಸುಮಾರು 168 ಗಂಟೆ, ಅಂದರೆ ಒಂದು ವಾರ. ಒಂದು ಪಾರ್ಸೆಕ್ (ನಕ್ಷತ್ರಗಳ ನಡುವಿನ ದೂರದ ಅಳತೆ) ಹಾರಿದರೂ ಅಷ್ಟೇ, ಆರು ಪಾರ್ಸೆಕ್ ಹಾರಿದರೂ ಅಷ್ಟೇ. ಅಂಚೆ ಒಯ್ಯುವ ಎಕ್ಸ್‌ಬೋಟ್ 100 ಟನ್ನಿನದು. ಒಂದು ಜಿಗಿತಕ್ಕೆ 4 ಪಾರ್ಸೆಕ್ ಹೋಗುತ್ತದೆ, ಅದಕ್ಕೆ 40 ಟನ್ ಹೈಡ್ರೋಜನ್ ನುಂಗುತ್ತದೆ. ಒಂದೇ ನಕ್ಷತ್ರದ ಸುತ್ತಲಿನ ಜಾಗದಲ್ಲಿ ಓಡಾಡುವ ಎಂಜಿನ್ನೇ ಅದಕ್ಕಿಲ್ಲ. ಬಂದು ತೇಲುತ್ತಾ ನಿಲ್ಲುತ್ತದೆ, ಟೆಂಡರ್ ಹಡಗು ಹೋಗಿ ಎತ್ತಿಕೊಳ್ಳುತ್ತದೆ. ಅಷ್ಟರೊಳಗೆ ಅದರ ಅಂಚೆ ರೇಡಿಯೋ ಮೂಲಕ ಮುಂದಿನ ಬೋಟಿಗೆ ಸೇರಿ, ಆ ಬೋಟು ಹೊರಟುಬಿಡುತ್ತದೆ. ಒಂದು ನಿಲ್ದಾಣದಲ್ಲಿ ಸುದ್ದಿ ಕಾಯುವುದು ಸರಾಸರಿ 4 ಗಂಟೆಗಿಂತ ಕಡಿಮೆ.

ಈಗ ನಕ್ಷೆ ತೆಗೆಯಿರಿ. ಒಂದು ಸೆಕ್ಟರ್ ಅಂದರೆ 32 × 40 ಪಾರ್ಸೆಕ್. ರಾಜಧಾನಿ ಇರುವುದು ಕೋರ್ ಸೆಕ್ಟರ್‌ನ 2118ರಲ್ಲಿ (ನಕ್ಷೆಯ ಮನೆ ಸಂಖ್ಯೆ: ಮೊದಲ ಎರಡಂಕಿ ಕಂಬಸಾಲು, ಕೊನೆಯ ಎರಡಂಕಿ ಅಡ್ಡಸಾಲು), ರೆಜೀನಾ ಮಾರ್ಚಸ್‌ನ 1910ರಲ್ಲಿ. ನೇರ ಎಣಿಸಿದರೆ 130 ಪಾರ್ಸೆಕ್. ನಾಲ್ಕರಿಂದ ಭಾಗಿಸಿ: 33 ಜಿಗಿತ, 231 ದಿನ. ನಡುವಿನ 32 ನಿಲ್ದಾಣಗಳಲ್ಲಿ ತಲಾ 4 ಗಂಟೆ ಅಂದರೆ ಇನ್ನೂ ಐದು ದಿನ ಚಿಲ್ಲರೆ. ಒಟ್ಟು 236 ದಿನ. ಇದು ಕಾಗದದ ಮೇಲಿನ ಅತಿ ಒಳ್ಳೆಯ ಲೆಕ್ಕ. ನಿಜವಾದ ಅಂಚೆ ದಾರಿ ಅಂಕುಡೊಂಕು, ಎಲ್ಲ ಕೊಂಡಿಯೂ ನಾಲ್ಕು ಪಾರ್ಸೆಕ್ಕಿನದಲ್ಲ, ಜಂಪ್ ಕಾಲವೂ ಶೇ. 10ರಷ್ಟು ಹೆಚ್ಚುಕಡಿಮೆ ಆಗುತ್ತದೆ.

ರೆಜೀನಾದಲ್ಲಿ 001-1105ರಂದು (1105ನೇ ವರ್ಷದ ಮೊದಲ ದಿನ) ಗಲಾಟೆ ಎದ್ದಿತು ಅನ್ನಿ. ಚಕ್ರವರ್ತಿಗೆ ಗೊತ್ತಾಗುವುದು 237-1105ಕ್ಕೆ. ಅದೇ ದಿನ ಆಜ್ಞೆ ಬರೆದು ಕಳಿಸಿದರೂ ಅದು ರೆಜೀನಾ ಮುಟ್ಟುವುದು 108-1106ಕ್ಕೆ. ಹದಿನೈದು ತಿಂಗಳು! ಅಷ್ಟರಲ್ಲಿ ಗಲಾಟೆ ತಣ್ಣಗಾಗಿರುತ್ತದೆ, ಇಲ್ಲವೇ ಗ್ರಹವೇ ಕೈಬಿಟ್ಟಿರುತ್ತದೆ. ಹಾಗಾಗಿ ರಾಜಧಾನಿಯಿಂದ "ಹೀಗೆ ಮಾಡು" ಎಂಬ ಆಜ್ಞೆ ಬಂದು ಪ್ರಯೋಜನವಿಲ್ಲ. "ಈ ಎಲ್ಲೆಯೊಳಗೆ ನೀನೇ ತೀರ್ಮಾನಿಸು, ಆಮೇಲೆ ತಿಳಿಸು" ಎಂಬ ಅಧಿಕಾರ ಸ್ಥಳದಲ್ಲೇ ಒಬ್ಬರ ಹತ್ತಿರ ಇರಬೇಕು. ಆ ಒಬ್ಬರೇ ಡ್ಯೂಕ್.

ಗುಣಾಕಾರ
ಲೆಕ್ಕ ಒಪ್ಪಿದೆ. ಆದರೆ ಅದರಿಂದ ರಾಜ್ಯಪಾಲ ಬೇಕು ಅಂತ ಸಿದ್ಧವಾಯಿತೇ ಹೊರತು ವಂಶಪಾರಂಪರ್ಯ ಬೇಕು ಅಂತ ಆಗಲಿಲ್ಲ. ಐದು ವರ್ಷಕ್ಕೊಬ್ಬ ಅಧಿಕಾರಿಯನ್ನು ನೇಮಿಸಿ ಕಳಿಸಿದರೆ ಆಗದೇ?

ಜಂಪ್4
ಐದು ವರ್ಷದ ಅಧಿಕಾರಿಗೆ ಹೋಗಿ ಬರುವುದರಲ್ಲೇ ಒಂದೂಕಾಲು ವರ್ಷ ಕಳೆಯುತ್ತದೆ. ಅದನ್ನು ಬಿಡಿ, ಅವನು ಸತ್ತರೆ? ಸಾವಿನ ಸುದ್ದಿ ಹೋಗಲು 236 ದಿನ, ಹೊಸಬ ಬರಲು 236 ದಿನ. 472 ದಿನ ಕುರ್ಚಿ ಖಾಲಿ. ಗಡಿ ಸಬ್‌ಸೆಕ್ಟರ್‌ನಲ್ಲಿ, ಪಕ್ಕದಲ್ಲೇ ಶತ್ರು ರಾಜ್ಯದ ಝೋದಾನಿಗಳಿರುವಾಗ, ಇದು ಆಗುವ ಮಾತಲ್ಲ. ವಂಶಪಾರಂಪರ್ಯದಲ್ಲಿ ಮುಂದಿನವರು ಯಾರು ಅಂತ ಎಲ್ಲರಿಗೂ ಮೊದಲೇ ಗೊತ್ತು. ಅಪ್ಪ ಕಣ್ಣು ಮುಚ್ಚಿದ ದಿನವೇ ಮಗಳು ಅಥವಾ ಮಗ ಮುದ್ರೆ ಹಿಡಿಯುತ್ತಾರೆ, ರಾಜಧಾನಿಯ ಒಪ್ಪಿಗೆ ಆಮೇಲೆ ಬರಲಿ. ಮೊದಲನೆಯ ಲಾಭ ಇದು. ಗುಣದ ಮಾತು ಬೇರೆ, ನಿರಂತರತೆಯ ಮಾತು ಬೇರೆ.

ಎರಡನೆಯದು ಪಾಲು. ವಾಪಸ್ ಹೋಗುವ ಅಧಿಕಾರಿ ಐದು ವರ್ಷದಲ್ಲಿ ಬಾಚಿಕೊಳ್ಳಲು ನೋಡುತ್ತಾನೆ. ಮೊಮ್ಮಕ್ಕಳೂ ಇಲ್ಲೇ ಬಾಳಬೇಕಾದವನು ಸ್ಟಾರ್‌ಪೋರ್ಟ್ (ನಕ್ಷತ್ರಹಡಗುಗಳ ಬಂದರು) ಹಾಳಾಗಲು ಬಿಡುವುದಿಲ್ಲ, ಏಕೆಂದರೆ ಅವನ ಜಮೀನು, ಕಂಪನಿ ಷೇರು ಎಲ್ಲ ಆ ಬಂದರಿನ ವ್ಯಾಪಾರದ ಮೇಲೆಯೇ ನಿಂತಿವೆ.

ಶಾಸನಪ್ರಿಯ
ಮೆಟ್ಟಿಲುಗಳನ್ನು ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಗೋಜಲಾಗುತ್ತದೆ.

1977ರ ಮೂಲ ನಿಯಮಗಳಲ್ಲಿ ಬಿರುದು ಬರುವುದು ಪಾತ್ರದ ಸಾಮಾಜಿಕ ಸ್ಥಾನದ ಅಂಕದಿಂದ. 11 ಬಂದರೆ ನೈಟ್, 12ಕ್ಕೆ ಬ್ಯಾರನ್, 13ಕ್ಕೆ ಮಾರ್ಕ್ವಿಸ್, 14ಕ್ಕೆ ಕೌಂಟ್, 15ಕ್ಕೆ ಡ್ಯೂಕ್. ಅನಂತರದ ಆವೃತ್ತಿಗಳು ನಡುವೆ ಬ್ಯಾರನೆಟ್ ಮತ್ತು ವೈಕೌಂಟ್ ಸೇರಿಸಿದವು. ಅವುಗಳ ಮೇಲೆ ಆರ್ಚ್‌ಡ್ಯೂಕ್, ಎಲ್ಲಕ್ಕಿಂತ ಮೇಲೆ ಚಕ್ರವರ್ತಿ.

ನೆಲದ ಲೆಕ್ಕ ಹೀಗಿದೆ: 8 × 10 ಪಾರ್ಸೆಕ್ಕಿನ ಸಬ್‌ಸೆಕ್ಟರ್‌ಗೆ ಒಬ್ಬ ಡ್ಯೂಕ್. ಅಂಥ 16 ಸೇರಿ ಒಂದು ಸೆಕ್ಟರ್, ಆ ಡ್ಯೂಕ್‌ಗಳಲ್ಲೇ ಒಬ್ಬರು ಸೆಕ್ಟರ್‌ಗೆ ಹಿರಿಯರು. ನಾಲ್ಕು ಸೆಕ್ಟರ್‌ಗಳ ಒಂದು ಡೊಮೇನ್‌ಗೆ ಆರ್ಚ್‌ಡ್ಯೂಕ್. ಇಡೀ ಸಾಮ್ರಾಜ್ಯದಲ್ಲಿ ಸುಮಾರು 11,000 ಲೋಕಗಳು.

ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಬಿರುದಿರುವವರೆಲ್ಲ ಆಳುವವರಲ್ಲ. ಹುದ್ದೆಯ ಜೊತೆಗೆ ಬಂದ ಬಿರುದು ಒಂದು ಬಗೆ, ಶೌರ್ಯಕ್ಕೋ ವಿಜ್ಞಾನಕ್ಕೋ ಗೌರವವಾಗಿ ಸಿಕ್ಕಿದ್ದು ಇನ್ನೊಂದು ಬಗೆ. ಗೌರವ ಬ್ಯಾರನ್‌ಗೆ ಔತಣದ ಪಂಕ್ತಿಯಲ್ಲಿ ಮೇಲಿನ ಎಲೆ ಸಿಗುತ್ತದೆ, ಕಡತ ಸಿಗುವುದಿಲ್ಲ.

ಗ್ರಹಕ್ಕೂ ಸಾಮ್ರಾಜ್ಯಕ್ಕೂ ನಡುವಿನ ಗೆರೆ ಸ್ಪಷ್ಟವಾಗಿದೆ: ಇಂಪೀರಿಯಂ ಆಳುವುದು ನಕ್ಷತ್ರಗಳ ನಡುವಿನ ಜಾಗವನ್ನು. ಗ್ರಹದ ಮೇಲೆ ಪ್ರಜಾಪ್ರಭುತ್ವ ಇರಲಿ, ಪುರೋಹಿತರ ಆಳ್ವಿಕೆ ಇರಲಿ, ಕಂಪನಿ ಆಡಳಿತ ಇರಲಿ, ಅದು ಅವರವರ ಮನೆ ವಿಷಯ. ಸ್ಟಾರ್‌ಪೋರ್ಟಿನ ಬೇಲಿಯೊಳಗೆ ಮಾತ್ರ ಸಾಮ್ರಾಜ್ಯದ ಕಾನೂನು. ಬೇಲಿ ದಾಟಿದರೆ ಸ್ಥಳೀಯ ಪೊಲೀಸು, ಸ್ಥಳೀಯ ನ್ಯಾಯಾಲಯ. ಆ ಗೆರೆಯನ್ನು ಮೀರಿ ಸಾಮ್ರಾಜ್ಯ ಕೈಹಾಕುವ ಸಂದರ್ಭಗಳು ಕೆಲವೇ: ಗುಲಾಮಗಿರಿ, ಅಣ್ವಸ್ತ್ರ, ಅಂತರನಕ್ಷತ್ರ ವ್ಯಾಪಾರಕ್ಕೆ ತಡೆ. ಗ್ರಹದ ಮೇಲೆ ಇರುವ ಬ್ಯಾರನ್ ಅಥವಾ ಕೌಂಟ್ ಆ ಗ್ರಹದ ರಾಜನಲ್ಲ. ಗ್ರಹದ ಮಾತನ್ನು ಸಾಮ್ರಾಜ್ಯಕ್ಕೂ, ಸಾಮ್ರಾಜ್ಯದ ಮಾತನ್ನು ಗ್ರಹಕ್ಕೂ ಮುಟ್ಟಿಸುವ ಕೊಂಡಿ ಆತ.

ಹೊಸ_ರೆಫರಿ
"ರಾಜನಲ್ಲ, ಕೊಂಡಿ" ಅನ್ನೋದು ಅರ್ಥ ಆಯ್ತು ಸರ್. ಆದ್ರೆ ಆಟದ ಮೇಜಿನ ಮೇಲೆ ಅದು ಹೇಗೆ ಕಾಣುತ್ತೆ? ಒಂದು ಜಗಳ ತಗೊಂಡು ಹೆಜ್ಜೆ ಹೆಜ್ಜೆಯಾಗಿ ತೋರಿಸ್ತೀರಾ? ಅದೇ ಸಬ್‌ಸೆಕ್ಟರ್‌ನ ಎಫಾಟೆ ಗ್ರಹದಲ್ಲಿ ಒಂದು ವ್ಯಾಪಾರಿ ಹಡಗಿನ ಸರಕನ್ನು ಸ್ಥಳೀಯ ಸರ್ಕಾರ ಹಿಡಿದಿಟ್ಟುಕೊಂಡಿದೆ ಅಂದ್ಕೊಳ್ಳಿ.

ಕಡತ_ವಿಭಾಗ
ಒಳ್ಳೆಯ ಉದಾಹರಣೆ. ಎಫಾಟೆ 1705, ರೆಜೀನಾ 1910, ನಡುವೆ 6 ಪಾರ್ಸೆಕ್. ನಾಲ್ಕು ಪಾರ್ಸೆಕ್ ಜಿಗಿಯುವ ಹಡಗಿಗೆ ಎರಡು ಜಿಗಿತ, ಅಂದರೆ ಹೋಗಲು ಎರಡು ವಾರ, ಬರಲು ಎರಡು ವಾರ.

ಮೊದಲ ದಿನ. ಸರಕು ಎಲ್ಲಿ ಹಿಡಿದರು ಅನ್ನುವುದನ್ನು ಮೊದಲು ಕೇಳಬೇಕು. ಬೇಲಿಯ ಒಳಗೆ ಹಿಡಿದಿದ್ದರೆ ಅದು ನೇರ ಅತಿಕ್ರಮಣ. ಸ್ಟಾರ್‌ಪೋರ್ಟ್ ಅಧಿಕಾರಿ ಅಲ್ಲೇ ತಡೆಯಬಹುದು. ಬೇಲಿಯ ಹೊರಗೆ, ಗೋದಾಮಿನಲ್ಲಿ ಹಿಡಿದಿದ್ದರೆ ಮೊದಲ ನೋಟಕ್ಕೆ ಅದು ಸ್ಥಳೀಯ ಕಾನೂನಿನ ವಿಷಯ. ಆಟಗಾರರು ಇಲ್ಲೇ ಅರ್ಧ ವಾದ ಸೋಲುತ್ತಾರೆ, ಏಕೆಂದರೆ ರಸೀದಿಯಲ್ಲಿ ಹಸ್ತಾಂತರದ ಜಾಗ ಬರೆಸಿಕೊಂಡಿರುವುದಿಲ್ಲ.

ಎರಡನೇ ದಿನದಿಂದ ಹತ್ತನೇ ದಿನದವರೆಗೆ. ಕಡತ ಅಲ್ಲಿ ನೆಲೆಸಿರುವ ಶ್ರೀಮಂತನ ಕಚೇರಿಗೆ ಬರುತ್ತದೆ. ಅವನಿಗೆ ಸೈನ್ಯವಿಲ್ಲ, ಗ್ರಹದ ಸರ್ಕಾರಕ್ಕೆ ಆಜ್ಞೆ ಕೊಡುವ ಹಕ್ಕೂ ಇಲ್ಲ. ಅವನ ಕೈಯಲ್ಲಿರುವ ಅಸ್ತ್ರ ಒಂದೇ: "ಇದನ್ನು ವ್ಯಾಪಾರಕ್ಕೆ ತಡೆ ಅಂತ ನಾನು ಡ್ಯೂಕ್‌ಗೆ ಬರೆಯುತ್ತೇನೆ" ಎಂಬ ಮಾತು. ಬರೆದ ಮೇಲೆ ಕಡತ ಅವನ ಕೈ ತಪ್ಪುತ್ತದೆ. ಇದು ಎರಡೂ ಕಡೆಗೆ ಗೊತ್ತು. ಅದಕ್ಕೇ ಮುಕ್ಕಾಲು ಪಾಲು ಜಗಳಗಳು ಈ ಹತ್ತು ದಿನದಲ್ಲಿ, ಪತ್ರ ಹೊರಡುವ ಮುಂಚೆ, ಒಂದು ಕೋಣೆಯಲ್ಲಿ ಮುಗಿಯಬೇಕು. ಆಟದಲ್ಲಿ ಈ ಮಾತುಕತೆಯನ್ನೇ ದೊಡ್ಡದು ಮಾಡಿ.

ಹನ್ನೊಂದನೇ ದಿನ ಪತ್ರ ಹೊರಟಿತು ಅನ್ನಿ. ಇಪ್ಪತ್ತೈದನೇ ದಿನ ರೆಜೀನಾ. ಡ್ಯೂಕ್‌ನ ಕಚೇರಿ ಮೂರು ನೋಡುತ್ತದೆ: ಇದೇ ಗ್ರಹದಿಂದ ಹಿಂದೆ ಇಂಥ ದೂರು ಬಂದಿದೆಯೇ, ಹಡಗಿನ ಹಿಂದೆ ಯಾವ ಕಂಪನಿ ಇದೆ, ಎಫಾಟೆಯಂಥ ನೂರಾರು ಕೋಟಿ ಜನರ ಲೋಕವನ್ನು ಎದುರು ಹಾಕಿಕೊಳ್ಳುವಷ್ಟು ಇದು ದೊಡ್ಡದೇ. ಎರಡು ದಿನದಲ್ಲಿ ತೀರ್ಮಾನವಾದರೂ ಆಜ್ಞೆ ಎಫಾಟೆಗೆ ಮುಟ್ಟುವುದು ನಲವತ್ತೊಂದನೇ ದಿನಕ್ಕೆ. ಬೇಗ ಕೆಡುವ ಸರಕಾದರೆ ಅಷ್ಟು ಹೊತ್ತಿಗೆ ಗೆದ್ದರೂ ಸೋತ ಹಾಗೆ.

ಡ್ಯೂಕ್ ಒಪ್ಪದೆ ಮೇಲ್ಮನವಿ ಹೋದರೆ? ಸೆಕ್ಟರ್ ರಾಜಧಾನಿ ಮೋರಾ, 3124. ರೆಜೀನಾದಿಂದ 20 ಪಾರ್ಸೆಕ್, ಐದು ಜಿಗಿತ, ಹೋಗಿ ಬರಲು ಎಪ್ಪತ್ತೆರಡು ದಿನ. ಅದರ ಮೇಲೆ ರಾಜಧಾನಿ, ಜಂಪ್4 ಹೇಳಿದ ಹದಿನೈದು ತಿಂಗಳು.

ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಅದೇ ದಿನ ತೀರ್ಮಾನವಾಗಬೇಕಾದ್ದಕ್ಕೆ ಗ್ರಹದ ಶ್ರೀಮಂತ. ಒಂದು ತಿಂಗಳು ಕಾಯಬಹುದಾದ್ದಕ್ಕೆ ಡ್ಯೂಕ್. ಎರಡು ಮೂರು ತಿಂಗಳಿನದಕ್ಕೆ ಸೆಕ್ಟರ್. ವರ್ಷ ದಾಟಿದರೂ ನಡೆಯುತ್ತದೆ ಅನ್ನುವುದಕ್ಕೆ ಮಾತ್ರ ಚಕ್ರವರ್ತಿ. ಬಿರುದಿನ ಮೆಟ್ಟಿಲು ಅಂದರೆ ಕಾಯುವ ಕಾಲದ ಮೆಟ್ಟಿಲು.

ಗುಣಾಕಾರ
ಕೊನೆಯ ಪ್ಯಾರಾ ಇಡೀ ಚರ್ಚೆಗೆ ಕೀಲಿಕೈ. ಒಂದು ಸೇರಿಸುತ್ತೇನೆ: ಎಕ್ಸ್‌ಬೋಟ್ ದಾರಿಯಿಂದ ಆಚೆ ಇರುವ ಗ್ರಹಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿಗೆ ಅಂಚೆ ಹೋಗುವುದು ವ್ಯಾಪಾರಿ ಹಡಗಿನಲ್ಲಿ. ಮೂಲ ನಿಯಮದ ಪ್ರಕಾರ ಅಂಚೆ ಗುತ್ತಿಗೆ ಹಿಡಿದ ಹಡಗು 5 ಟನ್ ಜಾಗ ಮೀಸಲಿಡಬೇಕು, ಹಡಗಿಗೆ ಆಯುಧ ಇರಬೇಕು, ಸಿಬ್ಬಂದಿಯಲ್ಲಿ ಗನ್ನರ್ ಇರಬೇಕು. ಪ್ರತಿ ಪ್ರಯಾಣಕ್ಕೆ 25,000 ಕ್ರೆಡಿಟ್. ಅಂದರೆ ಡ್ಯೂಕ್‌ನ ಆಜ್ಞಾಪತ್ರ ಆಟಗಾರರ ಹಡಗಿನಲ್ಲೇ ಹೋಗಬಹುದು. ಅವರು ಒಂದು ವಾರ ತಡ ಮಾಡಿದರೆ ಆಡಳಿತವೂ ಒಂದು ವಾರ ತಡ. ಆಟಗಾರರನ್ನು ರಾಜಕೀಯದೊಳಗೆ ತರಲು ಇದಕ್ಕಿಂತ ಸಹಜವಾದ ಬಾಗಿಲಿಲ್ಲ.

ಹೊಸ_ರೆಫರಿ
ಸೈನ್ಯ ಯಾರ ಕೈಲಿ? ಡ್ಯೂಕ್ ಹತ್ತಿರ ಹಡಗುಪಡೆ ಇದ್ರೆ ಅವನು ನಾಳೆನೇ ಸ್ವತಂತ್ರ ಅಂತ ಘೋಷಿಸಬಹುದಲ್ಲ.

ಜಂಪ್4
ಪಡೆ ಮೂರು ಪದರ. ಗ್ರಹಗಳ ಸ್ವಂತ ಪಡೆ, ಆಯಾ ಗ್ರಹದ ಸರ್ಕಾರದ್ದು. ಸಬ್‌ಸೆಕ್ಟರ್‌ನ ಮೀಸಲು ಪಡೆ, ಡ್ಯೂಕ್‌ನ ಕೈಯದು, ಹಡಗುಗಳು ಸಾಮಾನ್ಯವಾಗಿ ಹಳೆಯವು. ಇವೆರಡರ ಮೇಲೆ ಸಂಖ್ಯೆಯಿಂದ ಕರೆಯುವ ಸಾಮ್ರಾಜ್ಯದ ಪಡೆಗಳು, ಇವು ಅಡ್ಮಿರಲ್‌ಗಳ ಮೂಲಕ ಚಕ್ರವರ್ತಿಗೆ ಸೇರಿದವು. ಹೊಸ ಹಡಗು, ದೊಡ್ಡ ಹಡಗು ಇರುವುದು ಈ ಮೂರನೆಯದರಲ್ಲಿ. ಹಣ, ನೆಲ, ಜನರ ಪರಿಚಯ ಡ್ಯೂಕ್‌ಗೆ. ಬಲವಾದ ಪಡೆ ನೆಲವಿಲ್ಲದ ಅಡ್ಮಿರಲ್‌ಗೆ. ಒಬ್ಬರಿಲ್ಲದೆ ಇನ್ನೊಬ್ಬರು ಹೆಚ್ಚು ದಿನ ನಡೆಯಲಾರರು. ಕಟ್ಟಿದ್ದೇ ಹಾಗೆ.

ಕೆಡುವುದು ಯಾವಾಗ? ದೀರ್ಘ ಯುದ್ಧದಲ್ಲಿ ಗೆದ್ದ ಅಡ್ಮಿರಲ್‌ಗೆ ಜನರೂ ಶ್ರೀಮಂತರೂ ಒಟ್ಟಿಗೆ ಜೈ ಅಂದಾಗ. 604ರಲ್ಲಿ ಮೊದಲ ಗಡಿಯುದ್ಧ ಮುಗಿಯಿತು. ಮಾರ್ಚಸ್‌ನ ಮಹಾ ಅಡ್ಮಿರಲ್ ಓಲಾವ್ ಹಾಲ್ಟ್-ಪ್ಲ್ಯಾಂಕ್‌ವೆಲ್ ಪಡೆ ತೆಗೆದುಕೊಂಡು ರಾಜಧಾನಿಗೆ ಹೋಗಿ, 606ರಲ್ಲಿ ಚಕ್ರವರ್ತಿನಿ ಮೊದಲನೇ ಜಾಕ್ವೆಲಿನ್‌ಳನ್ನು ಕೊಂದು ತಾನೇ ಕುಳಿತ. ಒಬ್ಬ ಮಾಡಿದ್ದನ್ನು ಇನ್ನೊಬ್ಬನೂ ಮಾಡಬಹುದು. ಮುಂದೆ 622ರವರೆಗೆ ಅಡ್ಮಿರಲ್ ಮೇಲೆ ಅಡ್ಮಿರಲ್ ಬಂದು ಸಿಂಹಾಸನ ಹತ್ತಿದರು, ಅವರಿಗೆ ಧ್ವಜದ ಚಕ್ರವರ್ತಿಗಳು ಅಂತಲೇ ಹೆಸರು. ಕೊನೆಗೆ ಅರ್ಬೆಲಾಟ್ರಾ ಗೆದ್ದಳು. ಆದರೆ ಕೂಡಲೇ ಕಿರೀಟ ಇಟ್ಟುಕೊಳ್ಳದೆ ರಾಜಪ್ರತಿನಿಧಿಯಾಗಿ ನಿಂತು, 629ರಲ್ಲಿ ಪಟ್ಟಕ್ಕೆ ಬಂದಳು. ಆ ಏಳು ವರ್ಷದ ತಾಳ್ಮೆಯೇ ಅವಳ ವಂಶ ಉಳಿಯಲು ಕಾರಣ ಎಂದು ನನ್ನ ಗಟ್ಟಿ ನಂಬಿಕೆ.

ಎಕ್ಸ್‌ಬೋಟ್ ಜಾಲ ಶುರುವಾಗಿದ್ದು 624ರಲ್ಲಿ, ಇಡೀ ಸಾಮ್ರಾಜ್ಯ ಮುಟ್ಟಿದ್ದು 718ರಲ್ಲಿ. ಅಂತರ್ಯುದ್ಧ ಮುಗಿದ ಎರಡೇ ವರ್ಷಕ್ಕೆ ಅಂಚೆ! ರೋಗ ಸುದ್ದಿಯ ವಿಳಂಬದಲ್ಲಿದೆ ಅಂತ ಅರ್ಥವಾಗಿತ್ತು.

ಶಾಸನಪ್ರಿಯ
ಇಲ್ಲಿ ನಮ್ಮ ಓದುಗರಿಗೆ ವಿಜಯನಗರದ ಅಮರನಾಯಕ ಪದ್ಧತಿ ನೆನಪಾಗದೆ ಇರದು. ಹೋಲಿಕೆ ಉಪಯುಕ್ತ, ಆದರೆ ಎಲ್ಲಿ ಮುರಿಯುತ್ತದೆ ಅನ್ನುವುದೂ ಗೊತ್ತಿರಬೇಕು.

ಪೋರ್ಚುಗೀಸ್ ಬರಹಗಾರ ನೂನಿಜ್ ಕೊಡುವ ಚಿತ್ರದಲ್ಲಿ ನಾಯಕರ ಒಟ್ಟು ಹುಟ್ಟುವಳಿ 120 ಲಕ್ಷ ವರಹ, ಅದರಲ್ಲಿ 60 ಲಕ್ಷ ಅರಸನಿಗೆ. ಉಳಿದದ್ದರಲ್ಲಿ ಅವರು ಕಾಲಾಳು, ಕುದುರೆಗಳನ್ನು ಸಾಕಿ ಸಿದ್ಧವಾಗಿಟ್ಟಿರಬೇಕು. ಮಹಾನವಮಿಗೆ ನಾಯಕರು ರಾಜಧಾನಿಗೆ ಬರಬೇಕು, ಕೊಡಬೇಕಾದ್ದು ಆಗ ಸಲ್ಲುತ್ತದೆ. ವರ್ಷವಿಡೀ ಅವರ ಪರವಾಗಿ ರಾಜಧಾನಿಯಲ್ಲಿ ಸ್ಥಾನಾಪತಿ ಎಂಬ ಪ್ರತಿನಿಧಿ ಇರುತ್ತಾನೆ.

ಸ್ಥಾನಾಪತಿಯನ್ನು ಇಂಪೀರಿಯಂಗೆ ತನ್ನಿ, ಮೂಟ್ ಅರ್ಥವಾಗುತ್ತದೆ. ಮೂಟ್ ಅಂದರೆ ರಾಜಧಾನಿಯ ಶ್ರೀಮಂತರ ಸಭೆ. ಮಾರ್ಚಸ್‌ನ ಡ್ಯೂಕ್ ಪ್ರತಿ ಅಧಿವೇಶನಕ್ಕೆ ಎಂಟು ತಿಂಗಳು ಪ್ರಯಾಣ ಮಾಡಲಾರ. ತನ್ನ ಮತವನ್ನು ಅಲ್ಲಿರುವ ಇನ್ನೊಬ್ಬ ಶ್ರೀಮಂತನಿಗೆ ವಹಿಸುತ್ತಾನೆ. ಹೀಗೆ ದೂರದವರ ಮತಗಳೆಲ್ಲ ರಾಜಧಾನಿಯಲ್ಲೇ ಬೀಡುಬಿಟ್ಟ ಕೆಲವರ ಮಡಿಲಿಗೆ ಬೀಳುತ್ತವೆ. ವಹಿಸಿಕೊಂಡವನು ತಪ್ಪು ಮತ ಹಾಕಿದನೆಂದು ಡ್ಯೂಕ್‌ಗೆ ತಿಳಿಯುವುದು 236 ದಿನದ ಮೇಲೆ.

ಹೋಲಿಕೆ ಮುರಿಯುವುದು ಸೈನ್ಯದಲ್ಲಿ. ನಾಯಕನ ಬಳಿ ನೆಲವೂ ಇತ್ತು, ಆ ನೆಲದಿಂದ ಉಣ್ಣುವ ದಂಡೂ ಇತ್ತು. 1565ರ ರಕ್ಕಸ-ತಂಗಡಿ ಯುದ್ಧದ ಮೇಲೆ ಕೇಂದ್ರ ಸಡಿಲಾದಾಗ ಕೆಳದಿ, ಮಧುರೆ, ತಂಜಾವೂರು, ಜಿಂಜಿ ತಮ್ಮ ಕಾಲ ಮೇಲೆ ನಿಲ್ಲಲು ಸಾಧ್ಯವಾದದ್ದು ಅದರಿಂದ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ತೆಗೆದುಕೊಂಡದ್ದೂ ಅದೇ ಸಡಿಲದಲ್ಲಿ. ಇಂಪೀರಿಯಂ ಡ್ಯೂಕ್‌ಗೆ ಮೀಸಲು ಪಡೆಯನ್ನಷ್ಟೇ ಬಿಟ್ಟುಕೊಟ್ಟದ್ದು ಇದನ್ನು ತಡೆಯಲಿಕ್ಕೆ.

ಗುಣಾಕಾರ
ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ವಿಜಯನಗರದಲ್ಲಿ ಅರಸನೇ ದಂಡೆತ್ತಿ ನಾಯಕನ ಬಾಗಿಲಿಗೆ ಬರಬಹುದಿತ್ತು, ನಾಯಕನನ್ನು ಎತ್ತಂಗಡಿ ಮಾಡಬಹುದಿತ್ತು. ಚಕ್ರವರ್ತಿ ರೆಜೀನಾಕ್ಕೆ ಬರುವುದು ವೇಗದ ಆರು ಪಾರ್ಸೆಕ್ ಹಡಗಿನಲ್ಲೂ 22 ಜಿಗಿತ, ಐದು ತಿಂಗಳು. ಹಾಗಾಗಿ ಹೆದರಿಕೆ ಇಲ್ಲಿ ಅಷ್ಟು ಕೆಲಸ ಮಾಡದು. ನಂಬಿಕೆ, ಮದುವೆ ಸಂಬಂಧ, ಕಂಪನಿ ಷೇರುಗಳ ಹೆಣಿಗೆ ಮಾಡಬೇಕು. ಡ್ಯೂಕ್‌ನ ಮಕ್ಕಳು ಎಲ್ಲಿ ಓದುತ್ತಾರೆ, ಯಾರ ಮನೆಗೆ ಸೊಸೆ ಅಳಿಯ ಆಗುತ್ತಾರೆ ಅನ್ನುವುದನ್ನು ರೆಫರಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಅದು ಅಲಂಕಾರವಲ್ಲ, ಆಡಳಿತದ ಹಗ್ಗ.

ಹೊಸ_ರೆಫರಿ
ಇಳಿಸೋ ದಾರಿ?

ಕಡತ_ವಿಭಾಗ
ಡ್ಯೂಕ್‌ನ ಮಟ್ಟದಲ್ಲಿ ಎಲ್ಲಕ್ಕಿಂತ ಹರಿತವಾದದ್ದು ಚಕ್ರವರ್ತಿಯ ವಾರಂಟ್. ಸಹಿ ಇರುವ ಆ ಕಾಗದ ಹಿಡಿದವರ ಮಾತು ಚಕ್ರವರ್ತಿಯದೇ ಮಾತು. ಅದು ಕಾಲದ ಸಮಸ್ಯೆಯನ್ನು ತಿರುವಿ ಹಾಕುತ್ತದೆ: ತೀರ್ಮಾನಕ್ಕೆ ಮುಂಚೆಯೇ ಅಧಿಕಾರ ಬಂದು ಕೂತಿರುತ್ತದೆ. ಐದನೇ ಗಡಿಯುದ್ಧದಲ್ಲಿ, 1107ರಿಂದ 1110ರ ನಡುವೆ, ರೆಜೀನಾದ ಡ್ಯೂಕ್ ನಾರಿಸ್ ಇಂಥ ವಾರಂಟ್ ಹಿಡಿದೇ ಅಡ್ಮಿರಲ್ ಸಾಂಟಾನೊಚೀವ್‌ನನ್ನು ತೆಗೆದು ಯುದ್ಧದ ಹೊಣೆ ವಹಿಸಿಕೊಂಡ. ಗಮನಿಸಿ, ಅದುವರೆಗೆ ಡ್ಯೂಕ್ ಆಗಿಯೂ ಅವನು ಅಡ್ಮಿರಲ್‌ಗೆ ಆಜ್ಞೆ ಕೊಡಲಾಗುತ್ತಿರಲಿಲ್ಲ. ಕಾಗದ ಬಂದ ದಿನ ಆಯಿತು. ನೀವು 1105ರಿಂದ ಶುರು ಮಾಡುವುದರಿಂದ ಈ ಪ್ರಸಂಗ ನಿಮ್ಮ ಆಟದ ಮುಂದೆಯೇ ಇದೆ.

ಚಕ್ರವರ್ತಿಯ ಮಟ್ಟದಲ್ಲಿ ಮೂಟ್‌ಗೆ ಬರೆದುಕೊಟ್ಟ ದೊಡ್ಡ ಅಧಿಕಾರ ಒಂದೇ: ಸಾಮ್ರಾಜ್ಯವನ್ನೇ ವಿಸರ್ಜಿಸುವುದು. ಅದನ್ನು ಬಳಸಿದರೆ ಬಳಸಿದವರ ಬಿರುದೂ ಹೋಗುತ್ತದೆ, ಹಾಗಾಗಿ ಯಾರೂ ಮುಟ್ಟರು. ಉತ್ತರಾಧಿಕಾರಿಯ ಹಕ್ಕನ್ನು ಪರಿಶೀಲಿಸಿ ಒಪ್ಪುವುದೂ ಮೂಟ್‌ನ ಕೆಲಸ. ಬರೆಯದ ದಾರಿ ಇನ್ನೊಂದಿದೆ, ಹತ್ಯೆಯ ಹಕ್ಕು: ಚಕ್ರವರ್ತಿಯನ್ನು ಕೊಂದು ಸಿಂಹಾಸನಕ್ಕೆ ಹಕ್ಕು ಸಾಧಿಸುವುದು. 245ರಲ್ಲಿ ಹುಚ್ಚ ಎಂದು ಹೆಸರಾದ ಮೂರನೇ ಕ್ಲಿಯೋನ್‌ನನ್ನು ಮೂಟ್‌ನವರೇ ಕೊಂದು ಪೊರ್ಫಿರಿಯಾಳನ್ನು ಕೂರಿಸಿದರು. ಅಲ್ಲಿಂದ ಅದು ಸಂಪ್ರದಾಯದ ಹಾಗೆ ಉಳಿಯಿತು. 132-1116ರಂದು ಇಲೆಲಿಶ್‌ನ ಆರ್ಚ್‌ಡ್ಯೂಕ್ ಡುಲಿನಾರ್ ಚಕ್ರವರ್ತಿ ಸ್ಟ್ರೆಫಾನ್ ಮೇಲೆ ಇದೇ ಹಕ್ಕನ್ನು ಪ್ರಯೋಗಿಸಿದ. ಎಡವಿದ್ದು ಎಲ್ಲಿ ಅಂದರೆ, ಗುಂಡು ಹೊಡೆದ ಮೇಲೆ ಮೂಟ್‌ನ ಮುಂದೆ ನಿಂತು ಹಕ್ಕು ಸಾಧಿಸಲು ಅವನಿಗಾಗಲಿಲ್ಲ, ಓಡಬೇಕಾಯಿತು. ಸ್ಟ್ರೆಫಾನ್‌ನ ಸಂಬಂಧಿ ಲುಕಾನ್ ಪರಿಶೀಲನೆ ಪೂರ್ತಿಯಾಗುವ ಮೊದಲೇ ಸಿಂಹಾಸನ ಹಿಡಿದ. ಎರಡೂ ಕಡೆ ಅರ್ಧ ಹಕ್ಕು, ಪೂರ್ತಿ ಯಾರಿಗೂ ಇಲ್ಲ. ಸುದ್ದಿ ಮುಟ್ಟಿದ ಕಡೆಯೆಲ್ಲ ಒಬ್ಬೊಬ್ಬ ಡ್ಯೂಕ್ ಒಬ್ಬೊಬ್ಬನ ಪರ. ಸಾಮ್ರಾಜ್ಯ ಒಡೆಯಿತು.

ಶಾಸನಪ್ರಿಯ
ಬಿರುದುಗಳನ್ನು ಕನ್ನಡಕ್ಕೆ ತರುವುದು ಹೇಗೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತೇನೆ. ಡ್ಯೂಕ್‌ಗೆ "ಮಹಾಮಂಡಲೇಶ್ವರ" ಹೇಳಿ ಮಾಡಿಸಿದಂತಿದೆ. ಕಲ್ಯಾಣದ ಚಾಲುಕ್ಯರ ಕೆಳಗೆ ಹೊಯ್ಸಳರು ಹೊತ್ತ ಬಿರುದು ಅದು. ಆ ಕಾಲದ ಶಾಸನಗಳ ಕಟ್ಟು ನೋಡಿ. ಮೊದಲು ಚಕ್ರವರ್ತಿಯ ಬಿರುದುಗಳು, ಅವನ "ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಮಾಚಂದ್ರಾರ್ಕತಾರಂಬರಂ ಸಲುತ್ತಮಿರೆ" (ರಾಜ್ಯ ಸೂರ್ಯಚಂದ್ರರಿರುವವರೆಗೆ ಬೆಳೆಯುತ್ತಿರಲು), ಆಮೇಲೆ "ತತ್ಪಾದಪದ್ಮೋಪಜೀವಿ" (ಅವನ ಪಾದಕಮಲವನ್ನು ಆಶ್ರಯಿಸಿ ಬಾಳುವವನು), ಅದಾದ ಮೇಲೆ "ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರಂ" ಇಂಥವನು. ಐದು ವಾದ್ಯಗಳ ಗೌರವ ಮೇಲಿನವನಿಂದ ಬಂದದ್ದು ಅನ್ನುವುದು ಆ ಸಾಲಿನಲ್ಲೇ ಇದೆ.

ರೆಫರಿಗೆ ಇದರ ಉಪಯೋಗ ದೊಡ್ಡದು. ಪ್ರತಿ ಸಬ್‌ಸೆಕ್ಟರ್‌ನ ಆಜ್ಞಾಪತ್ರಕ್ಕೂ ಇಂಥ ಒಂದು ತಲೆಬರಹ ಬರೆದಿಡಿ: ಚಕ್ರವರ್ತಿಯ ಹೆಸರು ಮೊದಲು, ಡ್ಯೂಕ್‌ನದು ಆಮೇಲೆ. ಆಟ ಮುಂದುವರಿದಂತೆ ಒಬ್ಬ ಡ್ಯೂಕ್‌ನ ಪತ್ರದಲ್ಲಿ ಆ ಮೊದಲ ಭಾಗ ಗಿಡ್ಡವಾಗಲಿ. ಇನ್ನೊಂದು ಪತ್ರದಲ್ಲಿ ಪೂರ್ತಿ ಬಿಟ್ಟುಹೋಗಲಿ. ವಿಷ್ಣುವರ್ಧನ ಎಷ್ಟೇ ಗೆದ್ದರೂ ಹೆಸರಿಗೆ ಚಾಲುಕ್ಯರ ಸಾಮಂತನಾಗಿಯೇ ಉಳಿದ. ಮೊಮ್ಮಗ ಇಮ್ಮಡಿ ಬಲ್ಲಾಳ 12ನೇ ಶತಮಾನದ ಕೊನೆಗೆ ಸಾರ್ವಭೌಮ ಬಿರುದುಗಳನ್ನೇ ತಾಳಿದ. ಸ್ವಾತಂತ್ರ್ಯವನ್ನು ಮೊದಲು ಓದಬೇಕಾದ್ದು ತಲೆಬರಹದಲ್ಲಿ. ಹಡಗುಪಡೆ ಹೊರಡುವುದು ಅದಾದ ಎಷ್ಟೋ ತಿಂಗಳಿಗೆ.

ಜಂಪ್4
ತಲೆಬರಹದ ಸಲಹೆ ಬಹಳ ಚೆನ್ನಾಗಿದೆ. ಬಿರುದಿನ ವಿಷಯದಲ್ಲಿ ಮಾತ್ರ ನನ್ನ ಮತ ಬೇರೆ. ಮಹಾಮಂಡಲೇಶ್ವರ ಅಂದಕೂಡಲೇ ಕೇಳುವವರ ಕಣ್ಣಿಗೆ ಆನೆ, ಛತ್ರ, ಕೋಟೆ ಬರುತ್ತವೆ. ಸ್ವಂತ ದಂಡೂ ಇದೆ ಅನ್ನಿಸುತ್ತದೆ. ನೀವೇ ಹೇಳಿದ ಹಾಗೆ ಇಂಪೀರಿಯಂ ತಪ್ಪಿಸಲು ಹೊರಟದ್ದು ಅದನ್ನೇ. ಮಾತಿನಲ್ಲಿ ಡ್ಯೂಕ್, ಕೌಂಟ್ ಅಂತಲೇ ಇರಲಿ, ಆಜ್ಞಾಪತ್ರದ ಭಾಷೆ ಮಾತ್ರ ಶಾಸನದ ಧಾಟಿಯಲ್ಲಿರಲಿ.

ಗುಣಾಕಾರ
ಪಾತ್ರ ತಯಾರಿಸುವಾಗ ಬರುವ ಒಂದು ತೊಡಕು. ಸಾಮಾಜಿಕ ಸ್ಥಾನಕ್ಕೆ ಹಾಕುವ ಎರಡು ದಾಳದಲ್ಲಿ 11 ಬರುವ ಸಾಧ್ಯತೆ 36ರಲ್ಲಿ 2, 12 ಬರುವುದು 36ರಲ್ಲಿ 1. ಒಟ್ಟು ಹನ್ನೆರಡರಲ್ಲಿ ಒಂದು. ಆರು ಆಟಗಾರರ ಎರಡು ಗುಂಪಿಗೆ ಸರಾಸರಿ ಒಬ್ಬ ಬಿರುದಿನವರು ಬರುತ್ತಾರೆ. ಸಾಮ್ರಾಜ್ಯದ ಜನಸಂಖ್ಯೆಯಲ್ಲಿ ಆ ಪ್ರಮಾಣ ಇರಲು ಸಾಧ್ಯವೇ ಇಲ್ಲ, ಇದ್ದರೆ ಬಿರುದಿಗೆ ಬೆಲೆಯೇ ಇರದು. ಆದ್ದರಿಂದ ದಾಳ ಸಮಾಜದ ಗಣತಿಯಲ್ಲ ಅಂತ ಮೊದಲೇ ಹೇಳಿಬಿಡಿ. ಹಾಗೆ ಬಂದ ನೈಟ್ ಅಥವಾ ಬ್ಯಾರನ್‌ಗೆ ಗೌರವ ಬಿರುದನ್ನೇ ಕೊಡಿ, ಇಲ್ಲವೇ ಆಳುವ ಮನೆತನದ ಕಿರಿಯ ಕವಲಿಗೆ ಸೇರಿಸಿ. ಹುದ್ದೆ ಇರುವ ಬಿರುದು ಕೊಟ್ಟರೆ ಆ ಪಾತ್ರ ಹಡಗಿನಲ್ಲಿ ಅಲೆಯುವುದಕ್ಕೆ ಕಾರಣವೇ ಇರುವುದಿಲ್ಲ, ಕಡತ ಬಿಟ್ಟು ಹೋಗುವಂತಿಲ್ಲ.

ಕಡತ_ವಿಭಾಗ
ಇನ್ನೆರಡು ಕಡೆ ಜಾಗ್ರತೆ ಬೇಕು. ವಾರಸುದಾರ ಅಪ್ರಾಪ್ತನಾದರೆ ಜಂಪ್4 ಹೇಳಿದ ನಿರಂತರತೆಯ ಲಾಭವೇ ಹೋಗುತ್ತದೆ. ಯಾರು ನೋಡಿಕೊಳ್ಳಬೇಕು ಅಂತ ಸ್ಥಳೀಯರು ಜಗಳವಾಡುತ್ತಾ, ರಾಜಧಾನಿಯ ಮಾತಿಗೆ ಹದಿನೈದು ತಿಂಗಳು ಕಾಯುತ್ತಾರೆ. ಆ ಹದಿನೈದು ತಿಂಗಳು ಒಂದು ಇಡೀ ಆಟಕ್ಕೆ ಸಾಕು. ಇನ್ನೊಂದು, ಒಂದೇ ಪ್ರಶ್ನೆಗೆ ಎರಡು ಉತ್ತರ ಬರುವುದು. ಡ್ಯೂಕ್ ಜನವರಿಯಲ್ಲಿ ಕೇಳಿದ, ಪರಿಸ್ಥಿತಿ ಬದಲಾಗಿ ಜೂನ್‌ನಲ್ಲಿ ಮತ್ತೆ ಬರೆದ ಅನ್ನಿ. ಮೊದಲ ಪತ್ರದ ಉತ್ತರ ಎರಡನೆಯದರ ಪರಿಸ್ಥಿತಿಗೆ ಬಂದು ಬೀಳುತ್ತದೆ. ಅದಕ್ಕೆ ಪ್ರತಿ ಪತ್ರದ ತಲೆಯಲ್ಲಿ ಬರೆದ ದಿನ, ಯಾವ ಪತ್ರಕ್ಕೆ ಉತ್ತರ, ಇವೆರಡನ್ನೂ ಹಾಕಿ. ಆಜ್ಞೆ ಪಾಲಿಸಲು ಮನಸ್ಸಿಲ್ಲದ ಡ್ಯೂಕ್‌ಗೆ "ಇದು ಹಳೆಯ ಪತ್ರಕ್ಕೆ ಬಂದ ಉತ್ತರ" ಅನ್ನುವುದೇ ಒಳ್ಳೆಯ ನೆಪ. ಬೇಕಂತಲೇ ಎರಡನೇ ಪತ್ರ ಬರೆಯುವ ಡ್ಯೂಕ್‌ನನ್ನೂ ಸೃಷ್ಟಿಸಬಹುದು.

ಹೊಸ_ರೆಫರಿ
ಎಲ್ಲರಿಗೂ ಧನ್ಯವಾದ. ಇಲ್ಲಿಯವರೆಗೆ ಬರೆದುಕೊಂಡದ್ದು: ಎಫಾಟೆಯ ಶ್ರೀಮಂತನ ಪತ್ರ 011-1105ಕ್ಕೆ ಹೊರಡುತ್ತೆ, ಆಟಗಾರರ ಹಡಗಿನಲ್ಲೇ, ಅಂಚೆ ಗುತ್ತಿಗೆ 25,000. ಅವರದ್ದು ಎರಡು ಪಾರ್ಸೆಕ್ ಜಿಗಿಯೋ ಹಡಗು, 025ಕ್ಕೆ ರೆಜೀನಾ ತಲುಪ್ತಾರೆ. 041ಕ್ಕೆ ಉತ್ತರ ಎಫಾಟೆಯಲ್ಲಿ. ಸರಿ ಇದೆಯಾ?

ಜಂಪ್4
025 ಆಗುವುದಿಲ್ಲ. ಎರಡು ಪಾರ್ಸೆಕ್ ಹಡಗಿಗೆ 6 ಪಾರ್ಸೆಕ್ ಅಂದರೆ ಮೂರು ಜಿಗಿತ, 21 ದಿನ. ನಡುವೆ ಎರಡು ಕಡೆ ಇಂಧನ ತುಂಬಿಸಬೇಕು, ಗ್ಯಾಸ್ ಜೈಂಟ್‌ನಲ್ಲಿ (ಹೈಡ್ರೋಜನ್ ತುಂಬಿದ ದೈತ್ಯ ಅನಿಲಗ್ರಹ) ಬಾಚಿಕೊಂಡರೂ ಬಂದರಿನಲ್ಲಿ ಕೊಂಡರೂ ತಲಾ ಒಂದು ದಿನ ಇಡಿ. 034ಕ್ಕೆ ರೆಜೀನಾ. ಅಷ್ಟರೊಳಗೆ ಎಫಾಟೆ ಸರ್ಕಾರ ತನ್ನ ಕಡೆಯ ವಾದವನ್ನು ಎಕ್ಸ್‌ಬೋಟ್‌ನಲ್ಲಿ ಕಳಿಸಿದ್ದರೆ ಅದು ಒಂದು ವಾರ ಮೊದಲೇ ಡ್ಯೂಕ್‌ನ ಮೇಜಿನ ಮೇಲಿರುತ್ತದೆ.